ಕಟ್ಟಿದವನ ಕಾಲು ಮೊದಲು

ನನಗೊಂದು ಚಟವಿದೆ. ಎಲೆ ಅಡಿಕೆಯಂಥ ಮರ್ಯಾದಸ್ಥ ಚಟವಾಗಿದ್ದರೆ ಹೇಳಿಕೊಳ್ಳಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಯಾವುದೇ ವೇದಿಕೆ ಹತ್ತುವ ಮೊದಲು ನಾನು ಅದರ ಅಂಚಿಗೆ ಬಲಗಾಲಿಟ್ಟು ಮೂರು ಸಲ ಕುಟ್ಟಿ ನೋಡುತ್ತೇನೆ. ಮದುವೆಯಲ್ಲಿ ಮದುಮಕ್ಕಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಕರೆದರೂ ಅಷ್ಟೆ, ಮೊದಲು ಕುಟ್ಟು, ಆಮೇಲೆ ಹತ್ತು. ಮೊನ್ನೆ ಯಲಬುರ್ಗಾದ ನಮ್ಮ ಕಚೇರಿಯಲ್ಲಿ ಒಬ್ಬ ಸಾಹೇಬರ ಬೀಳ್ಕೊಡುಗೆ ಇತ್ತು. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಎಲ್ಲರೂ ಎದ್ದು ಮಂಡಕ್ಕಿ ಮಿರ್ಚಿಯ ಕಡೆ ಹೊರಟ ಮೇಲೆ ಮಾತಾಡುವ ಕೆಲಸ ಯಾವಾಗಲೂ ನನಗೇ ಬೀಳುತ್ತದೆ. ನಾನು ವೇದಿಕೆಯ ಹತ್ತಿರ ಹೋಗಿ ಧಡ್ ಧಡ್ ಧಡ್ ಎಂದು ಕುಟ್ಟಿದೆ. ಇವರು ಯಾವ ದೇವರಿಗೆ ನಡಕೊಳ್ಳುತ್ತಾರೆ ಎಂದು ಸಾಹೇಬರು ಪಕ್ಕದವರನ್ನು ಕೇಳಿದರಂತೆ.

ದೇವರೂ ಇಲ್ಲ, ಹರಕೆಯೂ ಇಲ್ಲ. ಈ ಚಟದ ಬುಡ ತೋರಿಸಬೇಕೆಂದರೆ ಕೊಪ್ಪಳದ ನಮ್ಮ ಬಾಡಿಗೆ ಮನೆಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು. ಅಲ್ಲಿ ನಡುಮನೆಯ ಬಾಗಿಲ ಹಿಂದೆ ಆರು ಹಲಗೆಗಳು ಒಂದಕ್ಕೊಂದು ಆತು ನಿಂತಿವೆ. ಬಂದವರೆಲ್ಲ ಅವನ್ನು ನೋಡಿ ಒಂದೊಂದು ಹೇಳುತ್ತಾರೆ. ಬೀಗರೊಬ್ಬರು ಮಂಚ ಯಾಕೆ ಬಿಚ್ಚಿಟ್ಟಿದ್ದೀರಿ ಎಂದು ಕೇಳಿದರು. ಗ್ಯಾಸಿನವನು ಇಸ್ತ್ರಿ ಅಂಗಡಿ ಇಡುತ್ತೀರೇನು ಎಂದ. ನನ್ನ ಹೆಂಡತಿ ಗಿರಿಜಾ ಈಗ ಉತ್ತರ ಹೇಳುವುದನ್ನೇ ಬಿಟ್ಟಿದ್ದಾಳೆ, ನನ್ನ ಕಡೆ ಕೈ ತೋರಿಸಿ ಒಳಗೆ ಹೋಗಿಬಿಡುತ್ತಾಳೆ. ಅವು ಕುಣಿಯುವ ಹಲಗೆಗಳು. ಹಾಸಿದರೆ ನೆಲ, ಎತ್ತಿದರೆ ಗೋಡೆ. ಮಾಡಿದವನು ನಾನೇ.

ಮಗಳು ಪಲ್ಲವಿ ಭರತನಾಟ್ಯ ಕಲಿಯುತ್ತಾಳೆ. ಪಿಯುಸಿ ಓದುವ ಹುಡುಗಿ, ಹತ್ತು ವರ್ಷದವಳಿದ್ದಾಗಿನಿಂದ ಗೆಜ್ಜೆ ಕಟ್ಟುತ್ತಿದ್ದಾಳೆ. ಹೋದ ವರ್ಷ ನಾಟ್ಯದ ದೊಡ್ಡ ಪರೀಕ್ಷೆ ಎರಡು ತಿಂಗಳಿದೆ ಎನ್ನುವಾಗ ಅವಳ ಹಿಮ್ಮಡಿ ನೋಯತೊಡಗಿತು. ಬೆಳಿಗ್ಗೆ ಎದ್ದು ನೆಗ್ಗಿಲ ಮುಳ್ಳು ಹಾಸಿದ ಹೊಲದಲ್ಲಿ ನಡೆಯುವವಳಂತೆ ತುದಿಗಾಲಲ್ಲಿ ಬಚ್ಚಲಿಗೆ ಹೋಗುತ್ತಿದ್ದಳು. ಡಾಕ್ಟರರು ನೋಡಿ, ಇದು ಕಲ್ಲಿನ ನೆಲದ ಮೇಲೆ ಕುಟ್ಟಿ ಕುಟ್ಟಿ ಬಂದ ನೋವು ಎಂದರು. ಅವಳ ನಾಟ್ಯದ ಟೀಚರೂ ಅದನ್ನೇ ಹೇಳಿದರು. ಮನೆಯಲ್ಲಿ ಅಭ್ಯಾಸ ಮಾಡಬೇಕಾದರೆ ಕಟ್ಟಿಗೆಯ ನೆಲ ಬೇಕು, ಇಲ್ಲದಿದ್ದರೆ ಈ ವರ್ಷ ಪರೀಕ್ಷೆ ಬೇಡ, ಕಾಲು ಉಳಿಸಿಕೊಳ್ಳಲಿ.

ಕಟ್ಟಿಗೆಯ ನೆಲವನ್ನು ನಮ್ಮ ಸೀಮೆಯಲ್ಲಿ ಎಲ್ಲಿಂದ ತರುವುದು? ನಮ್ಮದು ಕಲ್ಲಿನ ಸೀಮೆ. ಮನೆಗೆ ಕಲ್ಲು, ಮಾಳಿಗೆಗೆ ಕಲ್ಲು, ಕೂಡ್ರುವ ಕಟ್ಟೆಗೆ ಕಲ್ಲು. ನಾನು ಹುಟ್ಟಿದ್ದು ಪರಸಿ ಕಲ್ಲಿನ ನೆಲದ ಮೇಲೆ, ಬಿದ್ದದ್ದು, ಎದ್ದದ್ದು, ಬೇಸಿಗೆಯಲ್ಲಿ ನೀರು ಚಿಮುಕಿಸಿಕೊಂಡು ಬರೀ ಮೈಯಲ್ಲಿ ಮಲಗಿದ್ದು ಅದರ ಮೇಲೇ. ಅದು ಕಾಲಿಗೆ ಕೆಟ್ಟದ್ದು ಎಂದು ಯಾರೂ ಹೇಳಿರಲಿಲ್ಲ. ಕುಣಿಯಲು ಬಾರದವಳಿಗೆ ನೆಲ ಡೊಂಕು ಎಂಬ ಗಾದೆ ಕೇಳಿ ಬೆಳೆದವನಿಗೆ, ಕುಣಿಯಲು ಬರುವವಳಿಗೂ ನೆಲದ ತಕರಾರು ಇರಬಹುದು ಎಂದು ಗೊತ್ತಾಗಲು ಐವತ್ತೆರಡು ವರ್ಷ ಬೇಕಾಯಿತು.

ಯಾರಾದರೂ ಬುದ್ಧಿವಂತರಾಗಿದ್ದರೆ ಒಬ್ಬ ಬಡಿಗನನ್ನು ಕರೆಸುತ್ತಿದ್ದರು. ನಾನು ಊಟಕ್ಕೆ ಕೂತವನು ರೊಟ್ಟಿ ಮುರಿಯುತ್ತ, ನಾನೇ ಮಾಡುತ್ತೇನೆ ಎಂದು ಹೇಳಿಬಿಟ್ಟೆ. ಗಿರಿಜಾ ನಗಲಿಲ್ಲ. ಅವಳು ಸುಮ್ಮನೆ ಅಡುಗೆಮನೆಯ ಗೋಡೆಯ ಕಡೆ ನೋಡಿದಳು. ಅಲ್ಲಿ ನಾನು ಎಂಟು ವರ್ಷದ ಹಿಂದೆ ಹೊಡೆದ ಒಂದು ಕಟ್ಟಿಗೆಯ ಶೆಲ್ಫ್ ಇದೆ. ಅದರ ಮೇಲೆ ಯಾವ ಡಬ್ಬಿ ಇಟ್ಟರೂ ತಾನೇ ಮೆಲ್ಲಗೆ ಜಾರಿ ಎಡಗಡೆಗೆ ಬಂದು ನಿಲ್ಲುತ್ತದೆ. ಹುಡುಕುವ ಕಷ್ಟವಿಲ್ಲ ಎಂದು ನಾನು ಅದನ್ನು ಸಮರ್ಥಿಸಿಕೊಂಡು ಬಂದಿದ್ದೇನೆ. ತಾನು ಮಾಡಿದ್ದು ಉತ್ತಮ ಎಂದು ಹಿರಿಯರೇ ಹೇಳಿಲ್ಲವೇ?

ನಿಜ ಹೇಳಬೇಕೆಂದರೆ ನಾನು ಆ ಮಾತನ್ನು ಹೆಂಡತಿಗೆ ಹೇಳಿರಲಿಲ್ಲ, ಮಗಳಿಗೂ ಅಲ್ಲ. ಪಕ್ಕದಲ್ಲಿ ಕೂತು ರೊಟ್ಟಿಯನ್ನು ಹಾಲಿನಲ್ಲಿ ನೆನೆಸುತ್ತಿದ್ದ ಅಪ್ಪನ ಕಿವಿಗೆ ಬೀಳಲಿ ಎಂದು ಹೇಳಿದ್ದೆ. ನಮ್ಮದು ಬಡಿಗರ ಮನೆತನ. ಅಪ್ಪ ತಳಕಲ್ಲಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಐವತ್ತು ವರ್ಷ ಕೂರಿಗೆ, ಕುಂಟೆ, ಬಂಡಿ, ತೊಟ್ಟಿಲು ಮಾಡಿದವನು. ಅವ್ವ ಹೋದ ಮೇಲೆ ನಮ್ಮ ಜೊತೆ ಕೊಪ್ಪಳದಲ್ಲಿದ್ದಾನೆ. ಈಗ ಎಂಬತ್ತರ ಹತ್ತಿರ, ಕೈಗಳು ನಡುಗುತ್ತವೆ, ಉಳಿ ಹಿಡಿಯಲು ಆಗುವುದಿಲ್ಲ. ಅವನಿಗೆ ಹುಟ್ಟಿದ ಒಬ್ಬನೇ ಮಗ ನಾನು, ಒಂದು ಗೂಟವನ್ನೂ ನೆಟ್ಟಗೆ ಬಡಿಯಲು ಬಾರದೆ ಗುಮಾಸ್ತನಾದೆ. ನನ್ನ ಜೀವನದಲ್ಲಿ ಒಂದೇ ಒಂದು ಸಲ, ಕಟ್ಟಿಗೆಯ ಒಂದು ಕೆಲಸವನ್ನು ನೋಡಿ ಅಪ್ಪ ‘ಛಲೋ ಆಗೇತಿ’ ಅನ್ನಬೇಕು ಎಂಬ ಆಸೆ ನನಗಿತ್ತು. ಐವತ್ತೆರಡನೆಯ ವಯಸ್ಸಿಗೆ ಇಂಥ ಆಸೆ ಇರಬಾರದು ಎಂದು ಗೊತ್ತು. ಆದರೆ ಇತ್ತು.

ಅಪ್ಪ ರೊಟ್ಟಿ ಮುಗಿಸಿ ಕೈ ತೊಳೆದು ಬಂದು ಒಂದೇ ಮಾತು ಹೇಳಿದ.

“ಉಗುರು ನೋಡ್ಕೊ.”

ಹೀಗೆ ನನ್ನ ಕಾರ್ಖಾನೆ ಮಾಳಿಗೆಯ ಮೇಲೆ ಶುರುವಾಯಿತು. ರವಿವಾರ ಮತ್ತು ಸರಕಾರಿ ರಜೆಗಳು ನನ್ನ ಕೆಲಸದ ದಿನಗಳು. ಮೊದಲು ಮೊಬೈಲಿನಲ್ಲಿ ನೋಡಿದೆ. ಯಾವುದೋ ದೇಶದ ಒಬ್ಬ ಬಿಳಿಯ ಮನುಷ್ಯ ಶಿಳ್ಳೆ ಹಾಕುತ್ತ ಹಾಕುತ್ತ ಹನ್ನೊಂದು ನಿಮಿಷದಲ್ಲಿ ಇಡೀ ನೆಲ ಮಾಡಿ ಮುಗಿಸಿದ, ಅವನ ಅಂಗಿಯ ಮೇಲೆ ಒಂದು ಹೊಟ್ಟಿನ ಕಣವೂ ಇರಲಿಲ್ಲ. ನಾನು ಹನ್ನೊಂದು ನಿಮಿಷದಲ್ಲಿ ಪೆನ್ಸಿಲ್ ಹುಡುಕಿದೆ. ಅದು ನನ್ನ ಕಿವಿಯ ಮೇಲೇ ಇತ್ತು.

ಕಟ್ಟಿಗೆ ಅಡ್ಡೆಯವನು ಪ್ಲೈವುಡ್ ಎಳೆಯುತ್ತ ಏನು ಮಾಡಿಸುತ್ತೀರಿ ಎಂದು ಕೇಳಿದ. ಕುಣಿಯಲು ನೆಲ ಎಂದೆ. ಅವನು ನನ್ನ ಹೊಟ್ಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, ಇನ್ನಷ್ಟು ದಪ್ಪದ್ದು ಕೊಡಲೇನು ಎಂದ. ಕುಣಿಯುವುದು ಮಗಳು ಎಂದು ಹೇಳುವಷ್ಟರಲ್ಲಿ ಆಟೋದವನು, ಅಂಗಡಿಗೆ ಬಂದಿದ್ದ ಇಬ್ಬರು ಮೇಸ್ತ್ರಿಗಳು ಎಲ್ಲರೂ ನನ್ನನ್ನು ನೋಡಿ ಆಗಿತ್ತು. ಆಮೇಲೆ ಯಾರು ಕೇಳಿದರೂ ಮಂಚ ಎಂದೇ ಹೇಳಿದೆ.

ನಾನು ಕೊಯ್ಯುತ್ತಿದ್ದರೆ ಅಪ್ಪ ನೀರಿನ ಟ್ಯಾಂಕಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂಡ್ರುತ್ತಿದ್ದ. ಮಾತಿಲ್ಲ. ಕಚೇರಿಯಲ್ಲಿ ತಪಾಸಣೆಗೆ ಬಂದ ಅಧಿಕಾರಿಗಳೂ ನಡುವೆ ಚಹಾ ಕೇಳುತ್ತಾರೆ, ಅಪ್ಪ ಅದನ್ನೂ ಕೇಳುತ್ತಿರಲಿಲ್ಲ. ನನ್ನ ಗರಗಸ ಗೆರೆ ಬಿಟ್ಟು ಹೋದಾಗ ಅವನ ಎಡಗಾಲಿನ ಹೆಬ್ಬೆರಳು ಮಾತ್ರ ಮೇಲಕ್ಕೆ ಏಳುತ್ತಿತ್ತು. ನಾನು ಗೆರೆಯನ್ನು ನೋಡುವುದು ಬಿಟ್ಟು ಆ ಹೆಬ್ಬೆರಳನ್ನೇ ನೋಡಿಕೊಂಡು ಕೊಯ್ಯುವುದನ್ನು ಕಲಿತೆ. ನಮ್ಮ ಕೊಪ್ಪಳದ ಮಗ್ಗುಲಲ್ಲೇ ಕಿನ್ನಾಳವಿದೆ, ಅಲ್ಲಿಯವರು ಹಗುರ ಕಟ್ಟಿಗೆಯಲ್ಲಿ ಗೊಂಬೆ ಕೆತ್ತಿ ಜೀವ ತುಂಬುತ್ತಾರೆ. ಅದೇ ಗಾಳಿ ಕುಡಿಯುವ ನಾನು ಕಟ್ಟಿಗೆಯ ಜೀವ ತೆಗೆಯುತ್ತಿದ್ದೆ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು, ಇಲ್ಲದಿದ್ದರೆ ನಾನು ಮಾಡಿದ ದೊಡ್ಡ ತಪ್ಪು ನಿಮಗೆ ಬರೀ ದಡ್ಡತನವಾಗಿ ಕಾಣುತ್ತದೆ. ಅದು ದಡ್ಡತನವೇ, ಆದರೆ ನಮ್ಮೂರಿನಿಂದ ಬಂದ ದಡ್ಡತನ.

ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ದೊಡ್ಡಾಟ ಆಡುತ್ತಿದ್ದರು. ಕಿರೀಟ, ಭುಜಕೀರ್ತಿ, ಗೆಜ್ಜೆ ಕಟ್ಟಿಕೊಂಡು ಕುಣಿಯುವ ಆಟ. ಅದಕ್ಕೆ ಅಟ್ಟ, ಅಂದರೆ ಹಲಗೆ ಹಾಸಿದ ಎತ್ತರದ ವೇದಿಕೆ, ಬೇಕು. ಅಟ್ಟದ ಹಲಗೆಗಳು ಯಾರೊಬ್ಬರವೂ ಅಲ್ಲ, ಇಡೀ ಊರಿನವು. ಒಬ್ಬರು ಕಾಳಿನ ಕೋಣೆಯ ಬಾಗಿಲು ಕಿತ್ತು ಕೊಡುತ್ತಿದ್ದರು, ಇನ್ನೊಬ್ಬರು ಬಂಡಿಯ ಪಕ್ಕದ ಹಲಗೆ, ಮತ್ತೊಬ್ಬರು ಅಟ್ಟಣಿಗೆಯ ಮೇಲೆ ಉಪ್ಪಿನಕಾಯಿ ಗಡಿಗೆ ಇಡುವ ಹಲಗೆ. ಪ್ರತಿ ಮನೆಯವರೂ ತಮ್ಮ ಹಲಗೆಯ ಹಿಂಬದಿಗೆ ಸುಣ್ಣದಲ್ಲಿ ಗುರುತು ಮಾಡುತ್ತಿದ್ದರು. ಆಟ ಮುಗಿದ ಮರುದಿನ ಎಲ್ಲ ಹಲಗೆ ತಿರುಗಿ ಅವರವರ ಮನೆ ಸೇರಿ ಮತ್ತೆ ಬಾಗಿಲಾಗಬೇಕು, ಬಂಡಿಯಾಗಬೇಕು. ಅದಕ್ಕೇ ಅಪ್ಪ ಅಟ್ಟಕ್ಕೆ ಒಂದೂ ಮೊಳೆ ಹೊಡೆಯುತ್ತಿರಲಿಲ್ಲ. ಇನ್ನೊಬ್ಬರ ಬಾಗಿಲಿಗೆ ತೂತು ಮಾಡಿ ವಾಪಸು ಕೊಡುವುದು ಹೇಗೆ? ಅಡ್ಡ ತೊಲೆಗಳ ನಡುವೆ ಹಲಗೆ ಸಿಗಿಸಿ, ಜಾಲಿಯ ಬೆಣೆ ಬಡಿದು ಬಿಗಿ ಮಾಡುತ್ತಿದ್ದ. ಬಿಚ್ಚುವಾಗ ಬೆಣೆಗೆ ಒಂದು ಏಟು ಕೊಟ್ಟರೆ ಸಾಕು. ಎತ್ತಿಕೊಂಡು ಹೋಗುವ ನೆಲವನ್ನು ಮೊಬೈಲಿನ ಬಿಳಿಯ ಮನುಷ್ಯನಿಗಿಂತ ಮೊದಲೇ ನನ್ನ ಅಪ್ಪ ಮಾಡಿದ್ದ.

ನಮ್ಮೂರಿನ ಅಟ್ಟಕ್ಕೆ ಎರಡು ಕಾನೂನು. ಒಂದು, ಅಟ್ಟ ಗುಡುಗಬೇಕು. ವೇಷ ಹಾಕಿದವನು ಕಾಲಿಟ್ಟರೆ ಊರ ಹೆಬ್ಬಾಗಿಲ ಅಗಸೆಯವರೆಗೂ ಕೇಳಬೇಕು. ಗುಡುಗದ ಅಟ್ಟಕ್ಕೆ ಮೂಕ ಅಟ್ಟ ಎಂದು ಹೆಸರಿಟ್ಟು ಮುಂದಿನ ಸುಗ್ಗಿಯವರೆಗೆ ಆಡಿಕೊಳ್ಳುತ್ತಿದ್ದರು. ಎರಡನೆಯದು, ಕಟ್ಟಿದವನ ಕಾಲು ಮೊದಲು. ವೇಷದವರು ಹತ್ತುವ ಮುಂಚೆ, ಹೊತ್ತು ಮುಳುಗುವ ವೇಳೆಗೆ, ಊರ ಜನರ ಎದುರಿಗೆ ಅಟ್ಟ ಕಟ್ಟಿದವನು ಹತ್ತಿ ನಾಲ್ಕು ಮೂಲೆಯಲ್ಲಿ, ನಡುವೆ, ಮೈಭಾರ ಹಾಕಿ ಕುಣಿದು ತೋರಿಸಬೇಕು. ಮುರಿದರೆ ಅವನ ಕಾಲೇ ಮುರಿಯಲಿ, ಇನ್ನೊಬ್ಬರ ಮಗನ ಕಾಲು ಬೇಡ ಎಂದು ಇದರ ಅರ್ಥ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮಗಳಿಗೆ ನೆಲ ಮಾಡು ಎಂದರೆ ನಾನು ನನಗೆ ಗೊತ್ತಿಲ್ಲದಂತೆಯೇ ಅಟ್ಟ ಮಾಡಿದೆ. ಹಲಗೆಗಳ ಕೆಳಗೆ ಒಂದು ಗೇಣು ಎತ್ತರದ ಚೌಕಟ್ಟು, ಒಳಗೆ ಪೊಳ್ಳು. ಕೈಯಿಂದ ತಟ್ಟಿ ನೋಡಿದೆ, ಮದ್ದಳೆಯ ಹಾಗೆ ಗುಂಯ್ ಎಂದಿತು. ಹಿಗ್ಗಿ ಹೀರೆಕಾಯಿಯಾದೆ. ನಡುಮನೆಯಲ್ಲಿ ನಾಲ್ಕು ಹಲಗೆ ಹಾಸಿ ಪಲ್ಲವಿಯನ್ನು ಕರೆದು, ಸುಮ್ಮನೆ ಒಂದು ಸಲ ಕುಟ್ಟಿ ನೋಡವ್ವ ಎಂದೆ. ಅವಳು ಅರ್ಧ ಕೂತು, ಕೈ ಸೊಂಟಕ್ಕಿಟ್ಟು, ತೈಯ ತೈ ಎಂದು ಶುರು ಮಾಡಿದಳು.

ನಾವು ಇರುವುದು ಮೇಲಿನ ಮನೆ. ಕೆಳಗೆ ಮನೆಯ ಮಾಲೀಕರು, ನಿವೃತ್ತ ಮಾಸ್ತರರು. ಬಹಳ ಸಂಭಾವಿತರು. ಎರಡು ನಿಮಿಷದಲ್ಲಿ ಅವರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಅವರ ಬಿಳಿ ತಲೆಯ ಮೇಲೆ ಇನ್ನಷ್ಟು ಬಿಳಿಯಾಗಿ ಸುಣ್ಣದ ಪುಡಿ ಬಿದ್ದಿತ್ತು.

“ಏನರ ಬಿತ್ತೇನ್ರಿ?” ಎಂದು ಕೇಳಿದರು.

ಏನೂ ಇಲ್ಲ ಸರ್, ನಮ್ಮ ಹುಡುಗಿ ಅಭ್ಯಾಸ ಮಾಡಾಕತ್ತಾಳ ಎಂದೆ. ಅವರು ಪಲ್ಲವಿಯನ್ನು ನೋಡಿದರು. ನಲವತ್ತೈದು ಕಿಲೋದ ಹುಡುಗಿ. ಅವರು ನಂಬಲಿಲ್ಲ, ಆದರೆ ಮಾಸ್ತರಿಕೆ ಮಾಡಿದವರು ಪಾಲಕರ ಎದುರು ಮಕ್ಕಳನ್ನು ಬೈಯುವುದಿಲ್ಲ. ಹಾಗೇ ಇಳಿದು ಹೋದರು. ಮಾರನೆಯ ದಿನ ಮತ್ತೆ ಬಂದು ಅದೇ ಪ್ರಶ್ನೆ ಕೇಳಿದರು. ಮೂರನೆಯ ದಿನ ಗಿರಿಜಾ, ಬೇರೆ ಮನೆ ಹುಡುಕಲು ಶುರು ಮಾಡಲೇ ಎಂದು ನನ್ನನ್ನು ಕೇಳಿದಳು.

ಟೀಚರ್ ಬಂದು ನೋಡಿದವರು ಬಾಯಿಗೆ ಸೆರಗು ಹಿಡಿದುಕೊಂಡರು. ಕಾಲಿನ ಸದ್ದು ಕೇಳಬೇಕು, ಕಟ್ಟಿಗೆಯ ಸದ್ದಲ್ಲ, ನೆಲ ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಸುಮ್ಮನಿರಬೇಕು, ಸ್ವಲ್ಪ ತಗ್ಗಬೇಕು, ಎದ್ದು ಬರಬೇಕು ಎಂದರು. ಅಂದರೆ ಟೀಚರಿಗೆ ಬೇಕಾದದ್ದು ಮೂಕ ಅಟ್ಟ. ನಮ್ಮೂರಿನವರು ಯಾವುದಕ್ಕೆ ಒಂದು ವರ್ಷ ನಗುತ್ತಿದ್ದರೋ ಅದನ್ನು ನಾನು ಪ್ರಯತ್ನಪಟ್ಟು ಮಾಡಬೇಕಾಗಿತ್ತು.

ಚೌಕಟ್ಟನ್ನೆಲ್ಲ ಕೊಯ್ದು ತಗ್ಗು ಮಾಡಿದೆ. ಪರೀಕ್ಷೆಗೆ ಐದೇ ವಾರ ಉಳಿದಿತ್ತು, ಪಲ್ಲವಿ ಹಾಸಿಗೆಯ ಮೇಲೆ ಕೂತು ಕೈಯಲ್ಲಿ ಮಾತ್ರ ಅಭ್ಯಾಸ ಮಾಡುತ್ತಿದ್ದಳು. ಹಲಗೆಯ ಕೆಳಗೆ ಅಲ್ಲಲ್ಲಿ ರಬ್ಬರ್ ಕೊಡಬೇಕು, ಮೆತ್ತಗಿರಬೇಕು, ಹರಿಯಬಾರದು. ನನಗೆ ಹೊಳೆದದ್ದು ಹವಾಯಿ ಚಪ್ಪಲಿ. ಒಂದು ಚಪ್ಪಲಿಗೆ ಆರು ತುಂಡು. ಮನೆಯ ಹಳೆಯವು ಮುಗಿದವು, ಆಮೇಲೆ ಅಷ್ಟೇನೂ ಹಳೆಯದಲ್ಲದ ಗಿರಿಜಾಳ ಬಚ್ಚಲ ಚಪ್ಪಲಿ ಮುಗಿಯಿತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕಚೇರಿಯಲ್ಲಿ ಹರಿದ ಹವಾಯಿ ಚಪ್ಪಲಿ ಇದ್ದರೆ ಕೊಡಿ ಎಂದು ಕೇಳಿದೆ. ಜನ ಒಳ್ಳೆಯವರು, ಯಾಕೆಂದು ಕೇಳದೆ ತಂದುಕೊಟ್ಟರು. ಹತ್ತು ಹನ್ನೆರಡು ಜೊತೆ ಚಪ್ಪಲಿ ತುಂಬಿದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಯಲಬುರ್ಗಾದಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಬಂದೆ. ಕುಕನೂರಿನಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು, ಚೀಲದೊಳಗೆ ಇಣುಕಿ, ಮೂಗಿಗೆ ಸೆರಗು ಹಿಡಿದು, ಎದ್ದು ಹೋಗಿ ಕೊನೆಯವರೆಗೂ ನಿಂತೇ ಬಂದಳು.

ಇನ್ನು ಉಳಿದದ್ದು ಆರು ಹಲಗೆಗಳನ್ನು ಕೂಡಿಸುವುದು. ಅಂಗಡಿಯಲ್ಲಿ ಕೊಂಡಿ, ಚಿಲಕ ಸಿಗುತ್ತವೆ. ಆದರೆ ಅವು ಕುಣಿತಕ್ಕೆ ಸಡಿಲಾಗಿ ಕಿಣಿಕಿಣಿ ಅನ್ನುತ್ತಿದ್ದವು. ಅಪ್ಪನ ಅಟ್ಟ ನೆನಪಾಗಿ, ಬೆಣೆಯನ್ನೇ ಬಡಿಯೋಣ ಎಂದುಕೊಂಡೆ. ಒಂದು ಹಲಗೆಯ ಅಂಚಿನಿಂದ ಹೊರಟ ನಾಲಿಗೆ ಇನ್ನೊಂದರ ಕಿಂಡಿಯೊಳಗೆ ಹೋಗಬೇಕು, ಮೇಲಿನಿಂದ ಬೆಣೆ ಬಡಿದರೆ ಎರಡೂ ಒಂದಾಗಬೇಕು. ಬೆಣೆಯ ತಲೆ ಹಲಗೆಗಿಂತ ಎಳ್ಳಿನಷ್ಟೂ ಮೇಲೆ ಉಳಿಯಬಾರದು. ಒಟ್ಟು ಏಳು ಬೆಣೆ.

ಆ ರವಿವಾರ ಅಪ್ಪ ಕುರ್ಚಿಯಿಂದ ಎದ್ದು ಕೆಳಗೆ ಹೋಗಿ ತನ್ನ ಟ್ರಂಕು ತೆರೆದು ಒಂದು ಅರಿವೆಯ ಗಂಟು ತಂದ. ಅದರೊಳಗೆ ಅವನ ಹಳೆಯ ಜಾಲಿಯ ಬೆಣೆಗಳು, ಎಣ್ಣೆ ಕುಡಿದು ಕುಡಿದು ಖರ್ಜೂರದ ಬಣ್ಣಕ್ಕೆ ತಿರುಗಿದವು. ಜೊತೆಗೆ ಅವನ ಕೊಡತಿ. ಬೆಣೆ ಬಡಿಯುವ ಆ ಕಟ್ಟಿಗೆಯ ಸುತ್ತಿಗೆಯ ಹಿಡಿಕೆಯಲ್ಲಿ ಅಪ್ಪನ ಬೆರಳು ಕೂಡುವ ತಗ್ಗುಗಳಿವೆ. ಗಂಟನ್ನು ನನ್ನ ಮುಂದಿಟ್ಟು ಮತ್ತೆ ಹೋಗಿ ಕುರ್ಚಿಯಲ್ಲಿ ಕೂತ. ನಾನು ಆ ಕೊಡತಿಯನ್ನು ಹಿಡಿದದ್ದು ನಲವತ್ತು ವರ್ಷದ ಮೇಲೆ.

ನೀವು ಇಷ್ಟು ದೂರ ನನ್ನ ಜೊತೆ ಬಂದಿದ್ದೀರಿ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ಒಂದು ಸಲ ಅಟ್ಟದ ಕೆಲಸಕ್ಕೆ ನನ್ನನ್ನೂ ಕರೆದಿದ್ದ. ಕೊನೆಯ ಬೆಣೆ ಉಳಿದಾಗ, ನಾಲ್ಕನೆಯ ಮೂಲೆಯದ್ದು, ಕೊಡತಿಯನ್ನು ನನ್ನ ಕೈಗೆ ಕೊಟ್ಟು, ಇದನ್ನು ನೀನು ಬಡಿ ಎಂದು ಹೇಳಿ ಹಗ್ಗ ತರಲು ಹೋದ. ನಾನು ಬೆಣೆಯನ್ನು ಸಂದಿಗೆ ಇಟ್ಟೆ. ಒಂದು ಏಟು ಹಾಕಿದೆ. ಅಷ್ಟರಲ್ಲಿ ಅಗಸೆಯ ಕಡೆಯಿಂದ ಐಸ್ ಕ್ಯಾಂಡಿಯ ಸೈಕಲ್ಲಿನ ಗಂಟೆ ಕೇಳಿತು. ಕೊಡತಿಯನ್ನು ಅಲ್ಲೇ ಎಸೆದು ಓಡಿದೆ. ಬಂದು ಬಡಿದರಾಯಿತು ಎಂದುಕೊಂಡಿದ್ದೆ. ಕ್ಯಾಂಡಿ ಕೆಂಪಗಿತ್ತು, ಅದನ್ನು ಚೀಪಿ ನಾಲಿಗೆ ಎಷ್ಟು ಕೆಂಪಾಗಿದೆ ಎಂದು ಗೆಳೆಯರಿಗೆಲ್ಲ ತೋರಿಸುವುದೇ ಆಯಿತು. ಬೆಣೆ ಮರೆತೇ ಹೋಯಿತು.

ಹೊತ್ತು ಮುಳುಗುವ ವೇಳೆಗೆ ಊರ ಜನ ಸೇರಿದರು. ಅಪ್ಪ ಎಲ್ಲರ ಎದುರು ನನ್ನ ಭುಜದ ಮೇಲೆ ಕೈಯಿಟ್ಟು, ಇವತ್ತು ಇವನೂ ಕಟ್ಟ್ಯಾನ, ಇವನ ಕಾಲೂ ಮೊದ್ಲ ಎಂದ. ಆ ಕ್ಷಣಕ್ಕೆ ನನಗೆ ಬೆಣೆ ನೆನಪಾಯಿತು. ಹೇಳಬಹುದಿತ್ತು. ಯಪ್ಪಾ, ಒಂದು ಬೆಣೆ ಬಡಿದಿಲ್ಲ ಎನ್ನಲು ನಾಲ್ಕು ಶಬ್ದ ಸಾಕು. ಅಷ್ಟು ಜನರ ಎದುರು ಅವು ಬಾಯಿಗೆ ಬರಲಿಲ್ಲ. ಹೊಟ್ಟೆನೋವು ಎಂದು ಹೇಳಿ, ಹೊಟ್ಟೆ ಹಿಡಿದುಕೊಂಡು ಮನೆಯ ಕಡೆ ಹೋಗಿ ಮೂಲೆಯ ಗೋಡೆಯ ಮರೆಯಲ್ಲಿ ನಿಂತೆ. ಅಪ್ಪ ಒಬ್ಬನೇ ಹತ್ತಿದ. ಮೂರು ಮೂಲೆ ಗುಡುಗಿದವು. ನಾಲ್ಕನೆಯ ಮೂಲೆಗೆ ಅವನು ಜಿಗಿದು ಕಾಲಿಟ್ಟಾಗ ಹಲಗೆ ಸರಿದು ಅವನ ಎಡಗಾಲು ಮೊಣಕಾಲಿನವರೆಗೆ ಒಳಗೆ ಹೋಯಿತು.

ಅವನೇ ಕಾಲು ಎಳೆದುಕೊಂಡ. ಹಲಗೆ ಕೂಡಿಸಿ ಅವನೇ ಬೆಣೆ ಬಡಿದ. ಯಾರೋ ಕೇಳಿದ್ದಕ್ಕೆ ‘ಹಲಗಿ ಹಳೇದಿತ್ತು’ ಎಂದ. ಆಟ ನಡೆಯಿತು, ಅವನು ಮಾತ್ರ ಒಂದು ತಿಂಗಳು ಕೋಲು ಹಿಡಿದು ಓಡಾಡಿದ. ಇವತ್ತಿಗೂ ಅವನ ಎಡಗಾಲು ಸ್ವಲ್ಪ ಎಳೆಯುತ್ತದೆ. ನಾನು ಯಾರಿಗೂ ಹೇಳಲಿಲ್ಲ, ಅವನು ಏನೂ ಕೇಳಲಿಲ್ಲ. ಆಮೇಲೆ ನನ್ನ ಕೈಗೆ ಕೊಡತಿ ಬರಲಿಲ್ಲ. ನೀನು ಸಾಲಿ ಕಲಿ ಎಂದ, ಕಲಿತೆ. ಹೀಗೆ ಒಂದು ಐಸ್ ಕ್ಯಾಂಡಿಯಿಂದ ಸರಕಾರಕ್ಕೆ ಒಬ್ಬ ಗುಮಾಸ್ತ ಸಿಕ್ಕ, ಮತ್ತು ಆ ಗುಮಾಸ್ತನಿಗೆ ಕಂಡ ವೇದಿಕೆಯನ್ನೆಲ್ಲ ಕುಟ್ಟಿ ನೋಡುವ ಚಟ ಬಿತ್ತು. ನನ್ನ ನಾಚಿಕೆಯನ್ನು ನಾನು ಇಷ್ಟು ವರ್ಷ ಕಾಲಿನಿಂದ ಕುಟ್ಟುತ್ತ ಬಂದಿದ್ದೇನೆ.

ನೆಲ ಮುಗಿದದ್ದು ಪರೀಕ್ಷೆಗೆ ಮೂರು ವಾರ ಇರುವಾಗ. ಒಂದು ರವಿವಾರ ಮುಂಜಾನೆ ನಡುಮನೆಯ ಸಾಮಾನೆಲ್ಲ ಸರಿಸಿ ಆರು ಹಲಗೆ ಹಾಸಿದೆ. ಅಪ್ಪನ ಕೊಡತಿಯಿಂದ ಏಳು ಬೆಣೆ ಬಡಿದೆ. ಬೆರಳಿನಿಂದ ಒಂದೊಂದೂ ಸವರಿ ನೋಡಿದೆ, ಮತ್ತೆ ಹೋಗಿ ಇನ್ನೊಂದು ಏಟು ಹಾಕಿದೆ. ಇಷ್ಟು ದಿನ ತೊಂದರೆ ಪಟ್ಟದ್ದಕ್ಕೆ ಮಾಸ್ತರರನ್ನೂ ಅವರ ಮನೆಯವರನ್ನೂ ಚಹಾಕ್ಕೆ ಕರೆದಿದ್ದೆವು. ಮಾಸ್ತರರು ಮೇಲೆ ಕೂತರೆ ಕೆಳಗೆ ಏನು ಕೇಳುತ್ತದೆಂದು ಹೇಗೆ ಗೊತ್ತಾಗಬೇಕು ಎಂದು ಅವರ ಹೆಂಡತಿ ತಾವಾಗಿಯೇ ಕೆಳಗೆ ಉಳಿದರು. ಪಲ್ಲವಿ ಗೆಜ್ಜೆ ಕಟ್ಟಿಕೊಂಡು ಬಂದು ನಿಂತಳು. ನಾನು ಹತ್ತವ್ವ ಎಂದೆ.

“ತಡಿಯವ್ವಾ,” ಎಂದ ಅಪ್ಪ ಕುರ್ಚಿಯಿಂದ. “ಕಟ್ಟಿದವನ ಕಾಲು ಮೊದ್ಲ.”

ಎಲ್ಲರೂ ನನ್ನನ್ನು ನೋಡಿದರು. ನಾನು ಲುಂಗಿಯಲ್ಲಿದ್ದೆ. ಬನಿಯನ್ನಿನ ತುಂಬ ಹೊಟ್ಟು. ಪಲ್ಲವಿ ಕೆಳತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು, ಮಾಸ್ತರರು ಚಹಾದ ಬಟ್ಟಲನ್ನು ಎಚ್ಚರಿಕೆಯಿಂದ ಕೆಳಗಿಟ್ಟರು. ಹೊಟ್ಟೆನೋವು ಎಂಬ ಶಬ್ದ ನಲವತ್ತು ವರ್ಷದಿಂದ ಕಾಯುತ್ತಿದ್ದ ಹಾಗೆ ನಾಲಿಗೆಯ ತುದಿಗೆ ಬಂದು ನಿಂತಿತು. ನಾನು ಹಲಗೆಯ ಅಂಚಿಗೆ ಬಂದು ನಿಂತೆ. ಕುಟ್ಟಿ ನೋಡುವುದೂ ಮರೆತುಹೋಯಿತು.

ಅಪ್ಪ ಗೋಡೆ ಹಿಡಿದು ಎದ್ದ. ಎಡಗಾಲು ಎಳೆಯುತ್ತ ನನ್ನ ಹತ್ತಿರ ಬಂದ. ಬೇರೆಯವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದ.

“ಈ ಸಲ ಬೆಣಿ ಎಲ್ಲಾ ಬಡದೀ ಹೌದಲ್ಲ?”

ಈ ಸಲ. ಅವನಿಗೆ ಗೊತ್ತಿತ್ತು. ಆವತ್ತು ಹಲಗೆಯ ಒಳಗಿಂದ ಕಾಲು ಎಳೆದುಕೊಂಡು, ಸಡಿಲಾದ ಬೆಣೆಯನ್ನು ಕೈಯಲ್ಲಿ ಹಿಡಿದಾಗಲೇ ಗೊತ್ತಾಗಿತ್ತು. ಊರವರಿಗೆ ಹಲಗೆ ಹಳೆಯದು ಎಂದು ಹೇಳಿ, ತನ್ನ ಕೆಲಸದ ಹೆಸರು ಕೆಡಿಸಿಕೊಂಡು, ನಲವತ್ತು ವರ್ಷ ಕುಂಟುತ್ತ ನನ್ನೆದುರು ಓಡಾಡಿದ್ದ. ನಾನು ಅವನಿಗೆ ಗೊತ್ತಿಲ್ಲವೆಂದು ಅಷ್ಟೂ ವರ್ಷ ಧೈರ್ಯವಾಗಿ ಉಂಡೆ, ಮಲಗಿದೆ, ಬಡ್ತಿ ಪಡೆದೆ.

“ಬಡದೀನ್ಯಪ್ಪಾ,” ಎಂದೆ. “ಏಳೂ ಬಡದೀನಿ.”

“ಹಂಗಾರ ಹತ್ತು.”

ಹತ್ತಿದೆ. ಲುಂಗಿ ಎತ್ತಿ ಕಟ್ಟಿ ಮೂಲೆ ಮೂಲೆಗೆ ಹೋಗಿ ಕುಣಿದೆ. ಅದನ್ನು ಕುಣಿತ ಎಂದು ನಾನಷ್ಟೇ ಕರೆಯಬಹುದು. ಗಿರಿಜಾ ಮುಖ ಮುಚ್ಚಿಕೊಂಡಳು, ಮಗಳು ಮೊಬೈಲು ಹಿಡಿದಳು, ಆ ವಿಡಿಯೋವನ್ನು ಈಗ ನಮ್ಮ ಬಂಧುಬಳಗದಲ್ಲಿ ನನ್ನ ಸೇವಾ ದಾಖಲೆಗಿಂತ ಹೆಚ್ಚು ಜನ ನೋಡಿದ್ದಾರೆ. ಹಲಗೆ ಅಲುಗಲಿಲ್ಲ. ಕೆಳಗಿನಿಂದ ಮಾಸ್ತರರ ಹೆಂಡತಿ, ಇನ್ನೂ ಶುರು ಮಾಡಿಲ್ಲೇನ್ರಿ ಎಂದು ಕೂಗಿ ಕೇಳಿದರು.

ನಾನು ಇಳಿಯುವುದನ್ನೇ ಕಾಯುತ್ತಿದ್ದವನಂತೆ ಅಪ್ಪ ಗೋಡೆ ಹಿಡಿದುಕೊಂಡೇ ನಾಲ್ಕನೆಯ ಮೂಲೆಗೆ ಹೋದ. ಯಾರೋ ಬೇಡ ಎನ್ನುವಷ್ಟರಲ್ಲಿ ಗೋಡೆ ಬಿಟ್ಟು, ಆ ಎಡಗಾಲನ್ನೇ ಹಲಗೆಯ ಮೇಲಿಟ್ಟು, ಬಲಗಾಲು ಎತ್ತಿ, ಇಡೀ ಮೈಭಾರವನ್ನು ಅದರ ಮೇಲೆ ಹಾಕಿ ಒಂದು ಕ್ಷಣ ನಿಂತ. ಎರಡೂ ಕೈಗಳು ಗಾಳಿಯಲ್ಲಿದ್ದವು. ಹಲಗೆ ಸ್ವಲ್ಪ ತಗ್ಗಿ, ಅವನನ್ನು ಹೊತ್ತು, ಸುಮ್ಮನಿತ್ತು. ಆಮೇಲೆ ಇಳಿದು ಮೊಮ್ಮಗಳ ಕಡೆ ತಿರುಗಿದ.

“ಛಲೋ ಆಗೇತಿ. ಕುಣಿಯವ್ವಾ.”

ಅವಳು ಕುಣಿಯತೊಡಗಿದಳು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಕಣ್ಣು ತುಂಬಿ ಎದುರಿಗಿದ್ದ ಹಲಗೆಯೇ ಕಾಣದಾಗಿತ್ತು. ಹೊಟ್ಟೆನೋವು ಎಂದು ಹೇಳಿ ಒಳಗೆ ಹೋದೆ. ಆ ಸಲದಂತೆ ಈ ಸಲವೂ ಅಪ್ಪ ನಂಬಿದವನ ಹಾಗೆ ಸುಮ್ಮನಿದ್ದ.